ಝಂಕಾಲನ ಚೀಲ

ನಮ್ಮೂರಿನಲ್ಲಿ ಗುರುವಾರ ಸಂಜೆ ವಾರದ ಚಿತ್ರಕಥೆಯ ಪುಸ್ತಕ ಬಂದ ಕೂಡಲೇ ಯಾರೂ ಕಥೆ ಓದುವುದಿಲ್ಲ. ಮೊದಲು ಚಿತ್ರಗಳ ಹಿಂದಿರುವ ಮನೆಗಳನ್ನು ನೋಡುತ್ತಾರೆ. ಮಾಂತ್ರಿಕ ಝಂಕಾಲ ಕೈಯೆತ್ತಿ ನಿಂತ ಚೌಕಟ್ಟಿನಲ್ಲಿ ಅವನ ಬೆನ್ನ ಹಿಂದೆ ಯಾರ ಓಣಿ ಇದೆ, ಯಾರ ಬಾಗಿಲು ಕಾಣುತ್ತದೆ, ಕಟ್ಟೆಯ ಮೇಲೆ ಯಾರು ಕೂತಿದ್ದಾರೆ ಎಂದು ಬೆರಳಿಟ್ಟು ಹುಡುಕುತ್ತಾರೆ. ತಮ್ಮ ಓಣಿಯಲ್ಲ ಎಂದು ಖಾತ್ರಿಯಾದವರು ಚಹಾ ಹೀರುತ್ತ ಮೊದಲ ಪುಟಕ್ಕೆ ಬರುತ್ತಾರೆ. ತಮ್ಮದೇ ಎಂದು ಗೊತ್ತಾದವರು ಪುಸ್ತಕ ಮಡಚಿಟ್ಟು, ಎಮ್ಮೆಗಳನ್ನು ಬೀಗರ ಓಣಿಗೆ ಹೊಡೆದುಕೊಂಡು ಹೋಗುತ್ತಾರೆ. ಗುರುವಾರ ಅಚ್ಚಾದದ್ದು ಶುಕ್ರವಾರ ಆಗುತ್ತದೆ. ಎಮ್ಮೆಯನ್ನು ಅಡಗಿಸಬಹುದು, ಮನುಷ್ಯರನ್ನು ಅಡಗಿಸಲು ಆಗುವುದಿಲ್ಲ. ಚಿತ್ರದಲ್ಲಿ ಮುಖ ಬಂದವರನ್ನು ಝಂಕಾಲ ಎಲ್ಲಿದ್ದರೂ ಹುಡುಕಿಕೊಂಡು ಬರುತ್ತಾನೆ.

ಪುಸ್ತಕದ ಹೆಸರು ‘ಸಿಡಿಲಕುಮಾರ’. ಹನ್ನೆರಡು ಪುಟ. ಮೊದಲ ಹತ್ತು ಪುಟ ಝಂಕಾಲನ ಕಾಟ, ಹನ್ನೊಂದರಲ್ಲಿ ಸಿಡಿಲಕುಮಾರ ಹಾರಿಕೊಂಡು ಬರುತ್ತಾನೆ, ಹನ್ನೆರಡರಲ್ಲಿ ಗುದ್ದುತ್ತಾನೆ. ಹಾಗಾಗಿ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಝಂಕಾಲ ಊರೊಳಗೆ ಬಂದರೆ ಸಿಡಿಲಕುಮಾರ ಬರುವುದು ಮಧ್ಯಾಹ್ನ ನಾಲ್ಕಕ್ಕೆ. ಅಷ್ಟರೊಳಗೆ ಆಗಬೇಕಾದದ್ದೆಲ್ಲ ಆಗಿಹೋಗಿರುತ್ತದೆ. ಜನ ಮಾತ್ರ ನಾಲ್ಕು ಗಂಟೆಗೆ ಪೇಟೆಯ ಚೌಕಿನಲ್ಲಿ ಸೇರಿ, ಆ ಗುದ್ದಿಗೆ ಚಪ್ಪಾಳೆ ತಟ್ಟಿ, ಮನೆಗೆ ಹೋಗಿ ಝಂಕಾಲನಿಗೆ ಹಿಡಿಶಾಪ ಹಾಕುತ್ತ ಉಣ್ಣುತ್ತಾರೆ. ಪುಸ್ತಕ ಹೊರಡಿಸುವ ಅಚ್ಚುಕೂಟಕ್ಕೆ ಶಾಪ ಹಾಕಿದವರನ್ನು ನಾನು ಒಬ್ಬರನ್ನೂ ಕಂಡಿರಲಿಲ್ಲ.

ನಮ್ಮದು ಹಂಚಿನೋಣಿ. ಮುನ್ನೂರು ವಾರಗಳಲ್ಲಿ ಇನ್ನೂರಕ್ಕೂ ಹೆಚ್ಚು ವಾರ ಝಂಕಾಲ ಬಂದದ್ದು ನಮ್ಮ ಓಣಿಗೆ. ಇದಕ್ಕೆ ಹಗೆ ಇಲ್ಲ, ಶಾಪ ಇಲ್ಲ, ನಕ್ಷತ್ರದ ದೋಷವೂ ಇಲ್ಲ. ಚಿತ್ರ ಬರೆಯುವ ದತ್ತೂ ಮಾಸ್ತರರು ಒಮ್ಮೆ ತಾವಾಗಿಯೇ ಕಾರಣ ಹೇಳಿದರು. ಬಂಗಲೆಗಳನ್ನು ಬರೆಯುವುದು ತ್ರಾಸು. ಕಂಬ, ಕಮಾನು, ಗ್ಯಾಲರಿ, ಕಿಟಕಿಯ ಗಾಜು ಎಂದು ಗೆರೆ ಮುಗಿಯುವುದೇ ಇಲ್ಲ. ಹಂಚಿನ ಮನೆಗೆ ಒಂದು ಇಳಿಜಾರು ಗೆರೆ, ಒಂದು ಬಾಗಿಲು ಸಾಕು, ಹಂಚುಗಳನ್ನು ಮಸಿ ತುಂಬುವವರು ತುಂಬಿಕೊಳ್ಳುತ್ತಾರೆ. ಬರೆಯಲು ಸುಲಭ ಎಂಬ ಕಾರಣಕ್ಕೆ ನಾವು ಹಾಳಾದೆವು.

ನನ್ನ ಅವ್ವ ಹೊಳೆವ್ವ ಸೊಪ್ಪು ಮಾರುತ್ತಿದ್ದಳು. ಪುಂಡಿ, ರಾಜಗಿರಿ, ಸಬ್ಬಸಗಿ ಎಂದು ಅವಳು ಓಣಿಯ ಆ ತುದಿಯಲ್ಲಿ ಕೂಗಿದರೆ ಈ ತುದಿಯ ಹೆಂಗಸರು ಬುಟ್ಟಿ ಹಿಡಿದು ಹೊರಗೆ ಬರುತ್ತಿದ್ದರು. ಪೇಟೆಯಲ್ಲಿ ಗಡಿಯಾರ ನಿಂತಾಗ ಜನ ಅವಳ ಕೂಗಿನಿಂದ ಹೊತ್ತು ತಿಳಿಯುತ್ತಿದ್ದರು. ಮೂವತ್ತೊಂಬತ್ತನೇ ಸಂಚಿಕೆಯಲ್ಲಿ ಝಂಕಾಲ ಒಬ್ಬಳು ಹೆಂಗಸಿನ ಧ್ವನಿ ಕದಿಯಬೇಕಾಗಿತ್ತು. ದತ್ತೂ ಮಾಸ್ತರರಿಗೆ ಅಗಲಕ್ಕೆ ತೆರೆದ ಬಾಯಿಯೊಂದು ಬೇಕಾಗಿತ್ತು. ಕಿಟಕಿಯಿಂದ ಹೊರಗೆ ನೋಡಿದರು. ಅವ್ವ ಬುಟ್ಟಿ ಹೊತ್ತು ಕೂಗುತ್ತ ಹೋಗುತ್ತಿದ್ದಳು. ಬರೆದರು. ಶುಕ್ರವಾರ ಹನ್ನೊಂದು ಗಂಟೆಗೆ ಝಂಕಾಲ ನಮ್ಮ ಹಿತ್ತಲಿಗೆ ಬಂದು, ಅವ್ವನ ಬಾಯಿಯಿಂದ ಧ್ವನಿ ತೆಗೆದು, ತನ್ನ ಸೊಂಟದ ಚೀಲಕ್ಕೆ ಹಾಕಿ, ಗಂಟು ಬಿಗಿದುಕೊಂಡು ಹೋದ.

ಕಥೆಯ ಕೊನೆಗೆ ಧ್ವನಿ ವಾಪಸ್ಸು ಬರಬೇಕಾಗಿತ್ತು. ಮಾಸ್ತರರು ಆ ಚಿತ್ರವನ್ನೂ ಬರೆದಿದ್ದರಂತೆ. ಹನ್ನೆರಡನೇ ಪುಟದ ಕೆಳಗಿನ ಮೂಲೆ, ಸಿಡಿಲಕುಮಾರ ಚೀಲದ ಗಂಟು ಬಿಚ್ಚುತ್ತಾನೆ, ಹೆಂಗಸು ನಗುತ್ತಾಳೆ. ಅಚ್ಚಿಗೆ ಹೋಗುವ ಹೊತ್ತಿಗೆ ‘ಬಿಳಿದಂತ’ ಹಲ್ಲುಪುಡಿಯ ಜಾಹೀರಾತು ಬಂತು. ಮೂಲೆಯ ಚಿತ್ರ ತೆಗೆದು ಅಲ್ಲಿ ಹಲ್ಲು ಕಿರಿಯುವ ಗಂಡಸೊಬ್ಬನನ್ನು ಹಾಕಿದರು. ಅಂದಿನಿಂದ ಪ್ರತಿ ವಾರ ಆ ಮೂಲೆ ಅವನದೇ. ಕಾಟಕ್ಕೆ ಹತ್ತು ಪುಟ, ಗುದ್ದಿಗೆ ಒಂದು ಪುಟ, ಕಳೆದುಕೊಂಡವರಿಗೆ ಅರ್ಧ ಅಂಗೈ ಜಾಗವೂ ಇಲ್ಲ. ಅಚ್ಚಾದದ್ದೆಲ್ಲ ಆಗಲೇಬೇಕಲ್ಲ, ಹಾಗಾಗಿ ನಮ್ಮೂರಿನ ಎಲ್ಲರ ಹಲ್ಲೂ ಫಳಫಳ ಹೊಳೆಯುತ್ತವೆ. ಮೂಕಿಯಾದ ನನ್ನ ಅವ್ವನ ಹಲ್ಲು ಕೂಡ.

ಅವ್ವ ಸೊಪ್ಪು ಮಾರುವುದನ್ನು ಬಿಡಲಿಲ್ಲ. ಕೂಗುವ ಬದಲು ತಾಟು ಬಡಿಯುತ್ತ ಹೋಗತೊಡಗಿದಳು. ಜನ ಹೊಂದಿಕೊಂಡರು. ಜನ ಎಲ್ಲದಕ್ಕೂ ಹೊಂದಿಕೊಳ್ಳುತ್ತಾರೆ, ನನಗೆ ಅದೇ ಸಿಟ್ಟು. ಆಗ ನಾನು ಹದಿನಾರು ವರ್ಷದವಳು, ನೆಟ್ಟಗೆ ಅಚ್ಚುಕೂಟಕ್ಕೆ ಹೋಗಿ ಮಾಲಿಕರಾದ ಗುರುನಾಥಪ್ಪ ಸಾವಕಾರರ ಮುಂದೆ ನಿಂತೆ. ಬಿಟ್ಟುಹೋದ ಚಿತ್ರ ಮುಂದಿನ ವಾರ ಹಾಕಿ ಎಂದೆ. ಅವರು ನನ್ನ ಕೈಗಳನ್ನು ನೋಡಿ, ಬೆರಳು ಚೆನ್ನಾಗಿವೆ, ಮಸಿ ತುಂಬುವ ಕೆಲಸ ಮಾಡುತ್ತೀಯಾ ಎಂದು ಕೇಳಿದರು. ಒಳಗೆ ಇದ್ದರೆ ಎಂದಾದರೊಂದು ದಿನ ಆ ಚಿತ್ರ ಹಾಕಿಸಬಹುದು ಎಂದುಕೊಂಡು ಸೇರಿದೆ. ಐದು ವರ್ಷ ದತ್ತೂ ಮಾಸ್ತರರ ಪೆನ್ಸಿಲ್ ಗೆರೆಗಳ ಮೇಲೆ ನಾನು ಮಸಿ ಎಳೆದೆ. ಝಂಕಾಲನ ಹುಬ್ಬು, ಉಗುರು, ತಲೆಬುರುಡೆಯ ಉಂಗುರ, ಕಿವಿಯವರೆಗೆ ನಿಂತ ನಿಲುವಂಗಿಯ ಕೊರಳಪಟ್ಟಿ, ಎಲ್ಲ ನನ್ನ ಕುಂಚದ್ದು. ಹಂಚುಗಳೂ ನನ್ನವೇ.

ಸಂಜೆ ಮನೆಗೆ ಹೋದರೆ ಅವ್ವ ಹುಣಸೆಹಣ್ಣು ನೆನೆಸಿಟ್ಟು ನನ್ನ ಬೆರಳುಗಳನ್ನು ಒಂದೊಂದಾಗಿ ತಿಕ್ಕಿ ತೊಳೆಯುತ್ತಿದ್ದಳು. ಮೊದಲ ವರ್ಷ ಹಾಗೆ ಮಾಡಿದಳು. ನೆರೆಮನೆಯ ಕಲ್ಲಪ್ಪಜ್ಜನ ಮೊಣಕಾಲಿನ ಶಕ್ತಿಯನ್ನು ಝಂಕಾಲ ಕಿತ್ತುಕೊಂಡು ಹೋದ ವಾರದಿಂದ ಹುಣಸೆಹಣ್ಣು ನೆನೆಸುವುದನ್ನು ಬಿಟ್ಟಳು. ನಾನೇ ತೊಳೆದುಕೊಂಡೆ. ಯಾಕೆ ಎಂದು ಕೇಳಲಿಲ್ಲ. ಕೇಳಿದರೂ ಅವಳು ಹೇಗೆ ಹೇಳಬೇಕು.

ಮುನ್ನೂರನೇ ಸಂಚಿಕೆ ಹತ್ತಿರ ಬಂದಾಗ ಸಾವಕಾರರು ಊರ ತುಂಬ ಗೋಡೆಗೆ ಕಾಗದ ಅಂಟಿಸಿದರು. ಝಂಕಾಲ ಸಾಯುತ್ತಾನೆ, ಖಂಡಿತ ಸಾಯುತ್ತಾನೆ. ಊರಿಗೆ ಊರೇ ಕುಣಿಯಿತು. ಹಂಚಿನೋಣಿಯವರು ಎಲ್ಲರಿಗಿಂತ ಮುಂದೆ. ದತ್ತೂ ಮಾಸ್ತರರು ಕೊನೆಯ ಪುಟದ ಪೆನ್ಸಿಲ್ ಕೆಲಸವನ್ನು ನನ್ನ ಮೇಜಿನ ಮೇಲಿಟ್ಟಾಗ ನಾನು ನೋಡಿದೆ. ಸಿಡಿಲಕುಮಾರನ ಮುಷ್ಟಿಯಿಂದ ಬೆಂಕಿ ಹಾರಿ ಝಂಕಾಲ ಧಗಧಗ ಉರಿಯುತ್ತಿದ್ದ. ನಿಲುವಂಗಿ ಉರಿಯುತ್ತಿತ್ತು. ಸೊಂಟದ ಚೀಲವೂ ಗಂಟು ಬಿಗಿದಂತೆಯೇ ಉರಿಯುತ್ತಿತ್ತು. ಅವ್ವನ ಧ್ವನಿ ಇದ್ದದ್ದು ಆ ಚೀಲದಲ್ಲಿ.

ಹಾಳೆ ಹಿಡಿದು ಸಾವಕಾರರ ಕೋಣೆಗೆ ಹೋದೆ. “ಸಾವಕಾರ್ರ, ಚೀಲ ಸುಡಬ್ಯಾಡ್ರಿ. ಸುಡೂ ಮೊದಲ ಒಂದು ಸಣ್ಣ ಚಿತ್ರ ಹಾಕ್ರಿ. ಗಂಟು ಬಿಚ್ಚಿದ್ದು ಕಂಡ್ರ ಸಾಕು.”

“ಜಾಗಾ ಎಲ್ಲೈತಿ ತಂಗಿ?”

“ಹಲ್ಲುಪುಡಿ ಒಂದೀಟು ಸಣ್ಣದು ಮಾಡ್ರಿ.”

ಅವರು ನಕ್ಕರು. ಅವರ ಹಲ್ಲೂ ಬೆಳ್ಳಗೆ ಹೊಳೆದವು. “ಹಲ್ಲುಪುಡಿ ಇರಲಿಲ್ಲಂದ್ರ ಪುಸ್ತಕನ ಇರಂಗಿಲ್ಲ. ಈ ಸಲ ಅವ್ರು ಮೊದಲನೇ ಪುಟದಾಗೂ ದೊಡ್ಡದೊಂದು ಕೇಳ್ಯಾರ. ನೋಡು ಕಸ್ತೂರಿ, ಓದಾವ್ರಿಗೆ ಬೇಕಾಗಿದ್ದು ಗುದ್ದು. ಝಂಕಾಲ ಬಿದ್ದಮ್ಯಾಲ ಯಾರ್ದು ಯಾರಿಗೆ ವಾಪಸ್ ಬಂತು ಅಂತ ಯಾರು ಕೇಳ್ತಾರ?”

“ನಾ ಕೇಳಾಕತ್ತೀನ್ರಿ. ಐದು ವರ್ಷ ಆತು ಕೇಳಾಕತ್ತಿ.”

“ಅದಕ್ಕ ನಿನಗ ಕೆಲಸ ಕೊಟ್ಟೀನಲ್ಲ,” ಎಂದರು. ಗೊಣಗಲಿಲ್ಲ, ಗದರಲಿಲ್ಲ, ಮಗುವಿನ ಕೈಗೆ ಪೆಪ್ಪರಮಿಂಟು ಕೊಟ್ಟವರ ಹಾಗೆ ಹೇಳಿದರು. ಹೊರಗೆ ಬಂದಾಗ ದತ್ತೂ ಮಾಸ್ತರರು ಮುನ್ನೂರ ಒಂದನೇ ಸಂಚಿಕೆಗೆ ಹೊಸ ಖಳನನ್ನು ಬರೆಯುತ್ತಿದ್ದರು. ಜಡೆ ಬಿಟ್ಟ ಇನ್ನೊಬ್ಬ ಮಾಂತ್ರಿಕ, ಹೆಸರು ಉಗ್ರಜಟ. ಅವನ ಬೆನ್ನ ಹಿಂದೆ ಇಳಿಜಾರು ಗೆರೆಗಳು. ನಾನು ನೋಡುತ್ತಿರುವುದನ್ನು ಕಂಡು ಮಾಸ್ತರರು ತಲೆ ತಗ್ಗಿಸಿ, “ನನ್ನ ಕೈಗೆ ಆ ಓಣಿನ ಕುಂತುಬಿಟ್ಟೈತಿ ಕಸ್ತೂರಿ,” ಎಂದರು. ಮಸಿಯ ಕುಡಿಕೆ ಎತ್ತಿ ಅವರ ತಲೆಯ ಮೇಲೆ ಸುರಿಯಬೇಕು ಅನ್ನಿಸಿತು. ಸುರಿಯಲಿಲ್ಲ. ಮೇಜಿಗೆ ಹೋಗಿ ಕೂತೆ.

ಆ ವಾರ ಇನ್ನೂರ ತೊಂಬತ್ತೊಂಬತ್ತನೇ ಸಂಚಿಕೆ. ಅದರಲ್ಲಿ ಝಂಕಾಲ ಬಡಿಗೇರ ಮೌನೇಶಪ್ಪನ ಬಲಗೈಯ ಹಿಡಿತವನ್ನು ಕದಿಯಬೇಕಾಗಿತ್ತು. ಮೌನೇಶಪ್ಪನ ಬೆರಳುಗಳಿಗೆ ಮಂಗಳವಾರವೇ ಮಸಿ ಎಳೆದಿದ್ದೆ. ಶುಕ್ರವಾರ ನಾನು ಕೆಲಸಕ್ಕೆ ಹೋಗದೆ ಓಣಿಯ ಕಟ್ಟೆಯ ಮೇಲೆ ಕೂತೆ. ಝಂಕಾಲ ಬಂದ. ಅಚ್ಚುಕೂಟದಲ್ಲಿ ಯಾವಾಗಲೋ ನೇರಳೆ ಬಣ್ಣದ ಡಬ್ಬಿಗಳು ಮಿಕ್ಕಿದ್ದವೆಂದು ಅವನಿಗೆ ನೇರಳೆ ನಿಲುವಂಗಿ. “ಹ್ಹ ಹ್ಹ ಹ್ಹಾ, ನಡುಗಿರಿ, ಕ್ಷುದ್ರ ಮಾನವರೇ,” ಎಂದು ಓಣಿ ನಡುಗುವಂತೆ ಕೂಗಿದ. ಮೌನೇಶಪ್ಪನ ಅಂಗಳಕ್ಕೆ ಹೋದ. ಮರ ಕೆತ್ತುವ ಬಾಚಿ ಕಲ್ಲಿನ ಮೇಲೆ ಬಿದ್ದ ಸದ್ದು ಕೇಳಿಸಿತು. ಆಮೇಲೆ ಮೌನೇಶಪ್ಪನ ಹೆಂಡತಿ ಅತ್ತದ್ದು ಕೇಳಿಸಿತು.

ಹೊರಗೆ ಬಂದವನು ಚೀಲದ ಗಂಟು ಬಿಗಿಯುತ್ತ ನನ್ನ ಪಕ್ಕದಲ್ಲೇ ಕುಸಿದು ಕೂತ. ಒಂದು ಚೌಕಟ್ಟಿಗೂ ಇನ್ನೊಂದಕ್ಕೂ ನಡುವೆ ಅವನಿಗೆ ಸ್ವಲ್ಪ ಬಿಡುವು ಇರುತ್ತದೆ. ಆಗ ಅವನು ನಮ್ಮಂತೆಯೇ ಮಾತಾಡುತ್ತಾನೆ ಎಂದು ನನಗೆ ಅಂದೇ ಗೊತ್ತಾದದ್ದು. “ಒಂದು ತಂಬಿಗಿ ನೀರು ಕೊಡವ್ವ,” ಎಂದ.

“ನೀರು ಕೊಡಂಗಿಲ್ಲ. ನಮ್ಮವ್ವನ ಧ್ವನಿ ಕೊಡು.”

ಅವನು ಚೀಲವನ್ನು ಮುಟ್ಟಿ ನೋಡಿದ. “ಇಲ್ಲೇ ಐತಿ. ಒಮ್ಮೊಮ್ಮೆ ಪುಂಡಿ ಪಲ್ಲೆ ಅಂತ ಕೂಗತೈತಿ. ಆದ್ರ ಗಂಟು ಬಿಚ್ಚಾಕ ನನಗ ಬರಂಗಿಲ್ಲ. ಬಿಗಿಯೂದಷ್ಟ ಬರದಾರ, ಬಿಚ್ಚೂದು ಯಾರೂ ಬರದಿಲ್ಲ.”

“ನಿನ್ನ ಕೈಯಾಗ ಐತಿ, ಬಿಚ್ಚಾಕ ಬರಂಗಿಲ್ಲ ಅಂತಿ. ನಾಚಿಕಿ ಆಗೂದಿಲ್ಲೇನು ನಿನಗ?”

“ಆಗತೈತಿ,” ಎಂದ. ನನಗೆ ಅವನ ಮೇಲೆ ಕನಿಕರ ಹುಟ್ಟಲಿಲ್ಲ. ನಾಚಿಕೆ ಪಟ್ಟುಕೊಂಡು ಬಂದು ಕದಿಯುವವನಿಗೂ ನಗುತ್ತ ಬಂದು ಕದಿಯುವವನಿಗೂ ಮೌನೇಶಪ್ಪನ ಕೈಗೇನು ವ್ಯತ್ಯಾಸ. ಅವನು ತನ್ನ ಉಗುರುಗಳನ್ನು ನೋಡಿಕೊಂಡು, “ಇವನ್ನ ಎಳದಾಕಿ ನೀನಲ್ಲೇನು? ನಿನ್ನ ಕೈ ಗುರುತ ಐತಿ ನನಗ. ಮಾಸ್ತರ ಪೆನ್ಸಿಲ್‌ನಾಗ ಬರದಾಗ ನಾ ಮಲಗಿರತೀನಿ. ಮಸಿ ಬಿದ್ದಮ್ಯಾಲ ಏಳತೀನಿ,” ಎಂದ. ನಾನು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಆ ಮಾತು ಕೇಳಿಸಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವ್ವ ಅಲ್ಲೇ ಬಾಗಿಲ ಹಿಂದೆ ನಿಂತಿದ್ದಳು.

ಮುನ್ನೂರನೇ ಸಂಚಿಕೆಯ ಕಥೆಯ ಪುಟಗಳಿಗೆಲ್ಲ ನಾನು ಮಸಿ ಎಳೆದು ಮುಗಿಸಿದೆ. ಉರಿಯುವ ಚೀಲಕ್ಕೂ ಎಳೆದೆ. ಒಂದು ಗೆರೆ ಬದಲಾದರೂ ಸಾವಕಾರರು ಹಿಡಿದುಬಿಡುತ್ತಾರೆ, ಕಥೆಯ ಪುಟಗಳನ್ನು ಅವರು ಕನ್ನಡಕ ಏರಿಸಿ ನೋಡುತ್ತಾರೆ. ಜಾಹೀರಾತನ್ನು ಹಾಗೆ ನೋಡುವುದಿಲ್ಲ, ಹಲ್ಲುಪುಡಿಯ ಹೆಸರು ತಪ್ಪಿಲ್ಲದೆ ಇದೆಯೇ ಎಂದಷ್ಟೇ ಓದುತ್ತಾರೆ. ಮೊದಲ ಪುಟದ ಆ ದೊಡ್ಡ ಜಾಹೀರಾತು ಕಡೆಗೆ ನನ್ನ ಮೇಜಿಗೆ ಬಂತು. ಹಲ್ಲು ಕಿರಿಯುವ ಅದೇ ಗಂಡಸು, ಈ ಸಲ ಪುಟದ ತುಂಬ. ಬಾಯಿ ಅಗಲಕ್ಕೆ ತೆರೆದಿತ್ತು. ಹಲ್ಲುಗಳು ಬಿಳಿ, ಹಲ್ಲುಗಳ ನಡುವಿನ ಬಾಯಿ ಪೂರ್ತಿ ಕಪ್ಪು ತುಂಬಬೇಕು. ಮಾಸ್ತರರು ಅಲ್ಲಿ ‘ಮಸಿ’ ಎಂದು ಬರೆದು ಬಿಟ್ಟಿದ್ದರು.

ಆ ಬಾಯಿಯ ಜಾಗ ನನ್ನ ಹೆಬ್ಬೆರಳಿನಷ್ಟು. ಕಪ್ಪು ತುಂಬುತ್ತ ಹೋಗಿ, ನಡುವೆ ಕೂದಲೆಳೆಯಷ್ಟು ಬಿಳಿ ಗೆರೆಗಳನ್ನು ಉಳಿಸಿದೆ. ಒಂದು ಹಂಚಿನ ಮನೆ. ಒಂದು ಕಟ್ಟೆ. ಕಟ್ಟೆಯ ಮೇಲೆ ಝಂಕಾಲ, ಅವನ ಮಡಿಲಲ್ಲಿ ಚೀಲ, ಬಿಚ್ಚಿದ ಗಂಟು. ನಾನು ದೊಡ್ಡ ಧರ್ಮಾತ್ಮಳಂತೆ ಎಲ್ಲರಿಗಾಗಿ ಇದನ್ನು ಬರೆದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನನಗೆ ಬೇಕಾಗಿದ್ದು ಅವ್ವನ ಧ್ವನಿ ಒಂದೇ. ಅಷ್ಟು ಸಣ್ಣ ಜಾಗದಲ್ಲಿ ಒಬ್ಬಳ ಧ್ವನಿಯನ್ನು ಬೇರೆಯಾಗಿ ತೋರಿಸಲು ಬರಲಿಲ್ಲ, ಅದಕ್ಕೆ ಚೀಲವನ್ನೇ ಬಿಚ್ಚಿಸಿದೆ. ಸಾವಕಾರರು ಹಲ್ಲುಪುಡಿಯ ಹೆಸರನ್ನು ಅಕ್ಷರ ಅಕ್ಷರ ಓದಿ, ಚೆನ್ನಾಗಿ ಹೊಳೆಯುತ್ತದೆ ಎಂದು ಹೇಳಿ ಅಚ್ಚಿಗೆ ಕಳಿಸಿದರು.

ಶುಕ್ರವಾರ ಝಂಕಾಲ ಎಂದಿಗಿಂತ ಮೊದಲೇ, ಹಾಲಿನವನು ಓಣಿ ದಾಟುವ ಹೊತ್ತಿಗೆ ಬಂದ, ನನ್ನ ಚಿತ್ರ ಇದ್ದದ್ದು ಮೊದಲ ಪುಟದಲ್ಲಿ. ಈ ಸಲ ನಗಲಿಲ್ಲ, ಆ ಚಿತ್ರದಲ್ಲಿ ನಾನು ಅವನಿಗೆ ಮಾತು ಕೊಟ್ಟಿರಲಿಲ್ಲ. ಕಟ್ಟೆಯ ಮೇಲೆ ಕೂತು, ಚೀಲವನ್ನು ಮಡಿಲಿಗೆ ಎಳೆದುಕೊಂಡು, ಗಂಟಿಗೆ ಉಗುರು ಹಾಕಿದ. ಬಿಚ್ಚಿದ ಮೇಲೆ ಖಾಲಿ ಚೀಲವನ್ನು ಒಮ್ಮೆ ಕೊಡವಿ, ನನ್ನ ಕಡೆ ನೋಡಿ, ಎದ್ದು ಚೌಕಿನ ಕಡೆ ನಡೆದ. ಅಲ್ಲಿ ಅವನು ಸಾಯುವುದು ನಾಲ್ಕು ಗಂಟೆಗೆ. ಅಷ್ಟು ಬೇಗ ಯಾಕೆ ಹೊರಟನೋ ನನಗೆ ಗೊತ್ತಿಲ್ಲ.

ಮೊದಲು ಕಲ್ಲಪ್ಪಜ್ಜ ಹೊರಗೆ ಬಂದ. ನಾಲ್ಕು ವರ್ಷ ಗೋಡೆಗೆ ಒರಗಿಕೊಂಡೇ ಇದ್ದವನು ಹೊಸ್ತಿಲು ದಾಟಿ ಅಂಗಳದಲ್ಲಿ ನಿಂತು ತನ್ನ ಕಾಲುಗಳನ್ನು ತಾನೇ ದಿಟ್ಟಿಸಿದ. ಮೌನೇಶಪ್ಪನ ಮನೆಯಿಂದ ಬಾಚಿಯ ಸದ್ದು ಬಂತು. ಹಿಂದೊಂದು ವಾರ ಝಂಕಾಲ ನಿದ್ದೆ ಕದ್ದೊಯ್ದಿದ್ದ, ಸಾಲಿಯಲ್ಲಿ ಪಾಠ ಹೇಳುವ ಅಕ್ಕೋರು ನೀರಿನ ಕೊಡ ಅಲ್ಲೇ ಇಟ್ಟು ಅದರ ಪಕ್ಕದಲ್ಲೇ ಮಲಗಿಬಿಟ್ಟರು. ನಾನು ಯಾರನ್ನೂ ಪೂರ್ತಿ ನೋಡದೆ ಮನೆಗೆ ಓಡಿದೆ.

ಅವ್ವ ಒಲೆಯ ಮುಂದೆ ಕೂತು ಕೆಮ್ಮುತ್ತಿದ್ದಳು. ಆ ಕೆಮ್ಮಿಗೆ ಸದ್ದಿತ್ತು. ನಾನು ಅವಳ ಮುಂದೆ ಕೂತೆ. ಐದು ವರ್ಷ ನಾನು ಈ ಗಳಿಗೆಯನ್ನು ಸಾವಿರ ಸಲ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ. ಅವಳು ನನ್ನ ಹೆಸರು ಕರೆಯುತ್ತಾಳೆ, ನಾನು ಅಳುತ್ತೇನೆ, ಅಷ್ಟೇ. ಅವ್ವ ನನ್ನ ಬಲಗೈ ಹಿಡಿದು ಬೆಳಕಿಗೆ ತಿರುಗಿಸಿ, ಉಗುರಿನ ಸಂದಿಯ ಮಸಿಯನ್ನು ನೋಡಿದಳು.

“ಕಲ್ಲಪ್ಪಜ್ಜನ ಮೊಣಕಾಲಿಗೆ ಮಸಿ ಹಾಕಿದವರು ಯಾರು?” ಎಂದಳು. ಬಹಳ ದಿನ ಬಳಸದ ಧ್ವನಿ, ಗೊಗ್ಗರಾಗಿತ್ತು.

“ದತ್ತೂ ಮಾಸ್ತರು ಬರದಿದ್ರು ಅವ್ವ.”

“ಬರದವ್ರನ್ನ ಕೇಳಲಿಲ್ಲ ನಾ.”

ಅವಳು ಕಾದಳು. ಐದು ವರ್ಷ ಅವಳು ಕಲಿತದ್ದು ಕಾಯುವುದನ್ನೇ. “ನಾನ, ಅವ್ವ,” ಎಂದೆ. “ಆದ್ರ ನಿನ್ನ ಸಲುವಾಗಿ. ಒಳಗಿದ್ರ ಒಂದಿನ ನಿನ್ನ ಚಿತ್ರ ಹಾಕಿಸಬೇಕಂತ.”

“ನನ್ನ ಸಲುವಾಗಿ ಅನಬ್ಯಾಡ. ನನಗ ಬಾಯಿ ಇರಲಿಲ್ಲ, ಕಣ್ಣಿದ್ದವು. ಮೌನೇಶನ ಬೆರಳು ಯಾರ ಸಲುವಾಗಿ? ಅಕ್ಕೋರ ನಿದ್ದಿ ಯಾರ ಸಲುವಾಗಿ? ನನ್ನ ಒಂದು ಧ್ವನಿಗೆ ಎಷ್ಟು ಮನಿಗೆ ಮಸಿ ತುಂಬಿದಿ ನೀನು?”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇದನ್ನು ಕೇಳಲೆಂದೇ ನಾನು ಅಷ್ಟು ಸಣ್ಣ ಜಾಗದಲ್ಲಿ ಕಣ್ಣು ಸವೆಸಿದೆನೇ ಎನ್ನಿಸಿತು. ನನ್ನಷ್ಟಾದರೂ ಯಾರು ಮಾಡಿದರು, ಊರವರೆಲ್ಲ ಚಪ್ಪಾಳೆ ತಟ್ಟುತ್ತ ನಿಂತಿದ್ದರಲ್ಲ ಎಂದು ಕಿರುಚಬೇಕೆನ್ನಿಸಿತು. ಕಿರುಚಲು ಬಾಯಿ ತೆರೆದೆ. ಅವಳು ಹೇಳಿದ್ದರಲ್ಲಿ ಅಲ್ಲಗಳೆಯುವಂಥದ್ದು ಒಂದೂ ಇರಲಿಲ್ಲ, ನನ್ನ ಸಿಟ್ಟೆಲ್ಲ ಅದಕ್ಕೇ ಎಂದು ಆಗ ತಿಳಿಯಿತು. ಮಸಿ ಬಿದ್ದ ಮೇಲೆ ಏಳುತ್ತೇನೆ ಎಂದು ಝಂಕಾಲ ಹೇಳಿದ್ದನ್ನು ಬಾಗಿಲ ಹಿಂದೆ ನಿಂತು ಅವಳೂ ಕೇಳಿದ್ದಳು.

ಅವ್ವ ಎದ್ದು ಖಾಲಿ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡಳು. “ಮುಂದ ನಡಿ,” ಎಂದಳು. “ಮಂದಿ ನಿನ್ನ ಮಾರಿ ನೋಡ್ಲಿ.”

“ಎಲ್ಲಿಗೆ?”

“ಎಲ್ಲಾ ಓಣಿಗೂ.”

ನಾನು ಮುಂದೆ ನಡೆದೆ. ಹಂಚಿನೋಣಿಯ ಬಾಯಿಗೆ ಬಂದು ಅವಳು ಕೊರಳೆತ್ತಿದಳು. ಮೊದಲ ಸಲ ಧ್ವನಿ ಒಡೆಯಿತು, ಎರಡನೆಯ ಸಲ ನೆಟ್ಟಗಾಯಿತು, ಮೂರನೆಯ ಸಲ ಹಳೆಯ ಹೊಳೆವ್ವನ ಧ್ವನಿಯೇ ಬಂತು. ಸೊಪ್ಪಿನ ಹೆಸರು ಕೂಗುತ್ತಿದ್ದ ಅದೇ ರಾಗದಲ್ಲಿ ಅವಳು ಜನರ ಹೆಸರು ಕೂಗಿದಳು. ಮಸಿ ಹಾಕಿದವರು ಯಾರು, ಯಾರು ಏನು ಕಳೆದುಕೊಂಡರು, ಆ ಪುಟಕ್ಕೆ ಗೆರೆ ಎಳೆದವರು ಯಾರು, ಅಚ್ಚಿಗೆ ಕಳಿಸಿದವರು ಯಾರು, ಅಂದು ಚೌಕಿನಲ್ಲಿ ಚಪ್ಪಾಳೆ ತಟ್ಟಿದವರು ಯಾರು. ಐದು ವರ್ಷದ ಒಂದೊಂದು ಶುಕ್ರವಾರವೂ ಅವಳಿಗೆ ನೆನಪಿತ್ತು. ಹೆಂಗಸರು ಬುಟ್ಟಿ ಹಿಡಿದು ಹೊರಗೆ ಬಂದರು, ಹಳೆಯ ರೂಢಿ. ಬಂದವರು ತಂತಮ್ಮ ಹೆಸರು ಕೇಳಿ ಅಲ್ಲೇ ನಿಂತರು. ಕೆಲವರು ಬಾಗಿಲು ಹಾಕಿಕೊಂಡರು. ಕಲ್ಲಪ್ಪಜ್ಜ ಹೊಸ ಕಾಲುಗಳಿಂದ ನಮ್ಮ ಹಿಂದೆಯೇ ಬಂದ.

ಬಂಗಲೆಗಳ ಓಣಿಯಲ್ಲಿ ಕೂಗಿದಳು. ಅಚ್ಚುಕೂಟದ ಕಿಟಕಿಯ ಕೆಳಗೆ ನಿಂತು ಕೂಗಿದಳು, ದತ್ತೂ ಮಾಸ್ತರರು ಪೆನ್ಸಿಲ್ ಹಿಡಿದುಕೊಂಡೇ ಕಿಟಕಿಗೆ ಬಂದು ಮರೆಯಾದರು. ಮುನ್ನೂರ ಒಂದನೇ ಸಂಚಿಕೆಯ ಹಾಳೆಗಳು ಒಳಗೆ ನನ್ನ ಮೇಜಿನ ಮೇಲೆ ಪೆನ್ಸಿಲ್ಲಿನಲ್ಲೇ ಇದ್ದವು. ನಾನು ಒಳಗೆ ಹೋಗಲಿಲ್ಲ. ನಾಲ್ಕು ಗಂಟೆಗೆ ಚೌಕಿಗೆ ಬಂದಾಗ ಝಂಕಾಲ ಉರಿದು ಬೂದಿಯಾಗುತ್ತಿದ್ದ, ಊರೆಲ್ಲ ಬೆಳ್ಳನೆ ಹಲ್ಲು ಬಿಟ್ಟು ಚಪ್ಪಾಳೆ ತಟ್ಟುತ್ತಿತ್ತು. ಅವ್ವ ಆ ಗದ್ದಲದ ಮೇಲೆ ಧ್ವನಿ ಎತ್ತಿದಳು. ಒಬ್ಬೊಬ್ಬರಾಗಿ ಕೈಗಳು ಕೆಳಗಿಳಿದವು. ಅವಳು ಪ್ರತಿ ಓಣಿಯಲ್ಲೂ ಮಾಡಿದಂತೆ ಇಲ್ಲಿಯೂ ಮೊದಲಿನಿಂದ ಶುರು ಮಾಡಿದಳು, ಮೊದಲ ಹೆಸರು ಇಲ್ಲಿಯೂ ನನ್ನದೇ ಆಗಿತ್ತು.